ಹಾಲಮ್ಮನ ಕೈ ಮತ್ತು ಉರಿಶಾಮಕ ಯಂತ್ರ

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಯಂತ್ರವನ್ನಿಟ್ಟು ಕೊಟ್ರಪ್ಪ ಅದಕ್ಕೆ ಹೂವು ಏರಿಸಿದ. ಹಾಲಮ್ಮ ಪಕ್ಕದಲ್ಲಿ ನಿಂತು ನೋಡಿದಳು. ಮೂರು ವರ್ಷದಿಂದ ಅದರ ಗಾಜಿನ ಸೀಸೆಗಳನ್ನೆಲ್ಲ ಸೋಪು ಹಾಕಿ ತಿಕ್ಕಿದವಳು ಅವಳೇ. ಇಸುಬು ಹತ್ತಿದ ಕೈ ಇನ್ನಷ್ಟು ಬಿರಿದಿದ್ದೂ ಆ ಸೋಪಿನಿಂದಲೇ. ಗಂಡನ ಪ್ರಕಾರ ಅದು ವಿಜ್ಞಾನಕ್ಕೆ ಅವಳು ಕೊಟ್ಟ ಕಾಣಿಕೆ!

ದಾವಣಗೆರೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅಟೆಂಡರಾಗಿ ನಿವೃತ್ತನಾದ ಕೊಟ್ರಪ್ಪ ತಾನು ವಿಜ್ಞಾನಿಯೆಂದೇ ನಂಬಿದ್ದ. ಮೇಲಿನ ಡಬ್ಬಿಗೆ ಬೇವು, ಅರಿಶಿನ, ಲೋಳೆಸರ ತುರುಕಿದರೆ ಯಂತ್ರ ಉರಿ ತಗ್ಗಿಸುವ ಸತ್ವವನ್ನಷ್ಟೇ ಹೀರಿ ಮುಲಾಮು ಮಾಡುತ್ತದಂತೆ, ಉರಿಯುವ ಚರ್ಮವನ್ನು ಗಾಜಿನ ಕಣ್ಣಿಂದ ತಾನೇ ಹುಡುಕಿ ಸಿಂಪಡಿಸುತ್ತದಂತೆ. ಹಾಲಮ್ಮನಿಗೆ ಸತ್ವಗಿತ್ವ ಬೇಕಿರಲಿಲ್ಲ. ಹರಿಹರದಲ್ಲಿ, ಸೊಸೆಯ ತವರಿನಲ್ಲಿ, ಮೊಮ್ಮಗಳು ಹುಟ್ಟಿದ್ದಳು. ಇಸುಬು ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದರೂ, ಬೀಗಿತ್ತಿ ಸುಮಂಗಲಮ್ಮ ಕೈ ವಾಸಿಯಾಗುವ ತನಕ ಮಗುವನ್ನು ಮುಟ್ಟಕೂಡದೆಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ನಾಳಿದ್ದೇ ತೊಟ್ಟಿಲ ಶಾಸ್ತ್ರ.

ಹಾಲಮ್ಮ ಕೈ ಚಾಚಿದಳು. ಯಂತ್ರ ಗುರ್ರೆಂದು ದಿಟ್ಟಿಸಿ, ಕೊಟ್ರಪ್ಪನದೇ ದನಿಯಲ್ಲಿ ತೀರ್ಪು ಕೊಟ್ಟಿತು: “ಚರ್ಮ ಆರೋಗ್ಯವಾಗಿದೆ. ಮುಂದಿನವರು ಬನ್ನಿ.” ಆಮೇಲೆ ಮೂತಿ ತಿರುಗಿಸಿ, ಬಿಸಿಲಿಗೆ ಹರವಿದ್ದ ಎರಡು ಸೇರು ಬ್ಯಾಡಗಿ ಮೆಣಸಿನಕಾಯಿಗೆ ಹಸಿರು ಮುಲಾಮು ಉಗಿಯಿತು!

ಕೆದಕಿ ಕೇಳಿದ ಮೇಲೆ ಗುಟ್ಟು ಹೊರಬಿತ್ತು. ಉರಿಯುವ ಚರ್ಮ ಹೇಗಿರುತ್ತದೆಂದು ಕಲಿಸಲು ಕೊಟ್ರಪ್ಪ ಯಂತ್ರಕ್ಕೆ ಹೊರದೇಶದ ಪುಸ್ತಕಗಳ ನಾಲ್ಕು ಸಾವಿರ ಚಿತ್ರ ತೋರಿಸಿದ್ದ. ಎಲ್ಲವೂ ಬೆಳ್ಳನೆಯ ತೊಗಲಿನ ಮೇಲೆ ಕೆಂಪು ಕಲೆ. ಹಾಲಮ್ಮನ ಕಪ್ಪು ಕೈಯಲ್ಲಿ ಇಸುಬು ಇನ್ನೂ ಕಪ್ಪಾಗಿ ದಪ್ಪಗಟ್ಟಿತ್ತು. ಕೆಂಪಿನ ಸುಳಿವೇ ಇರಲಿಲ್ಲ.

“ಮೂರು ವರ್ಷ ನಿಮ್ಮ ಕಣ್ಣೆದುರಿಗೇ ಇತ್ತಲ್ರೀ ನನ್ನ ಕೈ. ಒಂದ್ಸಲ ಅದಕ್ಕೆ ತೋರಿಸಬಾರದಿತ್ತಾ?”

“ನಿನ್ನ ಕೈ ಪುಸ್ತಕದಾಗೆ ಇಲ್ವಲ್ಲೇ,” ಎಂದ ಕೊಟ್ರಪ್ಪ, ತಪ್ಪು ಅವಳದೇ ಎಂಬಂತೆ.

ಹಾಲಮ್ಮನಿಗೆ ಕೈಗಿಂತ ಹೊಟ್ಟೆ ಹೆಚ್ಚು ಉರಿಯಿತು. ಬೇಡವೆಂದು ಅವಳು ಎಷ್ಟು ಬಡಿದುಕೊಂಡರೂ ಕೇಳದೆ, ನೆಂಟರೆದುರು ಹೆಸರು ಮಾಡುವ ಆಸೆಗೆ ಅವನು ಯಂತ್ರವನ್ನು ಹರಿಹರಕ್ಕೂ ಹೊತ್ತು ತಂದ.

ಬೀಗರ ಪಡಸಾಲೆಯಲ್ಲಿ ಮೂವತ್ತು ಮಂದಿ ಮುತ್ತೈದೆಯರು, ಒಬ್ಬೊಬ್ಬರ ಹಣೆಯಲ್ಲೂ ಕಾಸಿನಗಲ ಕುಂಕುಮ. ಕೊಟ್ರಪ್ಪ ಗುಂಡಿ ಒತ್ತಿದ್ದೇ ತಡ, “ಉರಿ ಪತ್ತೆಯಾಗಿದೆ!” ಎಂದು ಯಂತ್ರ ಹಣೆಯಿಂದ ಹಣೆಗೆ ಮುಲಾಮು ಹೊಡೆಯತೊಡಗಿತು. ಶುಭ ಕಾರ್ಯದಲ್ಲಿ ಕುಂಕುಮ ಅಳಿಸುವುದೆಂದರೆ ಹುಡುಗಾಟವೇ? ಹೆಂಗಸರು ಗಂಡಂದಿರ ಆಯುಸ್ಸು ನೆನೆದು ಹಣೆ ಮುಚ್ಚಿಕೊಂಡು ಓಡಿದರು. ಯಾರೋ ವೈರು ಕಿತ್ತರು. ಕರೆಂಟು ಹೋದರೂ ನಿಲ್ಲಬಾರದೆಂದು ಬ್ಯಾಟರಿ ಇಟ್ಟಿದ್ದೇನೆ ಎಂದು ಕೊಟ್ರಪ್ಪ ಆಗಲೂ ಹೆಮ್ಮೆಯಿಂದಲೇ ಹೇಳಿದ!

ಸುಮಂಗಲಮ್ಮನಿಗೆ ತನ್ನ ಬೆಳ್ಳನೆಯ ಬಣ್ಣದ ಮೇಲೆ ಬಹಳ ಅಭಿಮಾನ. ಸಿಟ್ಟಿಗೆ ಆ ಮುಖ ಕೆಂಪೇರಿತು. ಏರಿದಷ್ಟೂ ಯಂತ್ರ ಬಳಿಯಿತು, ಬಳಿದಷ್ಟೂ ಕೆಂಪು ಏರಿತು. ಕೊನೆಗೆ ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಹಸಿರಾಯಿತು.

ಗದ್ದಲಕ್ಕೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಚೀರಿತು. ಎಳೆಯ ಮುಖ ಕೆಂಪಾಯಿತು. ಯಂತ್ರದ ಮೂತಿ ಮೆಲ್ಲಗೆ ಅತ್ತ ತಿರುಗಿತು. ಹಾಲಮ್ಮ ಒಂದೇ ಹೆಜ್ಜೆಗೆ ನುಗ್ಗಿ, ತನ್ನೆರಡೂ ಕೈಗಳನ್ನು ಮಗುವಿನ ಮುಖಕ್ಕೆ ಅಡ್ಡ ಹಿಡಿದಳು.

“ಚರ್ಮ ಆರೋಗ್ಯವಾಗಿದೆ. ಮುಂದಿನವರು ಬನ್ನಿ,” ಎಂದು ಯಂತ್ರ ಬೇರೆ ಕಡೆಗೆ ಹೊರಳಿತು.

ಹಾಲಮ್ಮ ಮಗುವನ್ನು ಎತ್ತಿ ಎದೆಗವಚಿಕೊಂಡಳು. ಮುಟ್ಟಬೇಡಿ ಎಂದು ಸುಮಂಗಲಮ್ಮ ಕೂಗುವಷ್ಟರಲ್ಲಿ ಇವಳೇ ಬಾಯಿ ತೆರೆದಳು.

“ಮಿಷಿನ್ನು ಹೇಳ್ತಲ್ಲ ಬೀಗ್ರೇ. ಈ ಮನೆಯಾಗೆ ರೋಗ ಇಲ್ಲದ ಕೈ ಅಂದ್ರೆ ನಂದೊಂದೇ ಐತಿ. ನೀವು ವಾಸಿ ಆದ್ಮೇಲೆ ಎತ್ಕೊಳ್ಳೋರಂತೆ.”

ಸುಮಂಗಲಮ್ಮ ಸೆರಗೆಳೆದು ಹಸಿರು ಮುಖ ಒರೆಸಿಕೊಳ್ಳತೊಡಗಿದಳು. ಮಗು ಅಳು ನಿಲ್ಲಿಸಿತು. ಅದರ ಬಟ್ಟೆ ಉಜ್ಜಿದಲ್ಲೆಲ್ಲ ಕೈಯ ಬಿರುಕುಗಳು ಚುರುಗುಟ್ಟುತ್ತಿದ್ದವು. ಹಾಲಮ್ಮ ಕೈ ಸಡಿಲಿಸಲಿಲ್ಲ.

ತನ್ನ ಯಂತ್ರದಿಂದಲೇ ಮಗು ಅವಳ ಕೈಗೆ ಬಂತಲ್ಲ ಎಂದು ಕೊಟ್ರಪ್ಪ ಬೀಗುತ್ತಾ ಹತ್ತಿರ ಬಂದ.

“ಹೌದ್ರೀ,” ಎಂದಳು ಹಾಲಮ್ಮ. “ಮೂರು ವರ್ಷದಾಗೆ ಅದು ನಂಗೆ ಮಾಡಿದ ಉಪಕಾರ ಇದೊಂದೇ. ಸುಳ್ಳು ಹೇಳ್ತು.”