ಸದರಿ ಪಾತ್ರೆಯ ದುರಸ್ತಿ ಹಾಗೂ ಅದರಲ್ಲಿ ಕರಗಿದ ಮೂಗುಬೊಟ್ಟಿನ ಕುರಿತು

ಸಂಖ್ಯೆ: ತೂಮು/ಸೀ.ಪಾ./ದುರಸ್ತಿ/ಮೂ.ಬೊ./ಭಾಗ-೨
ಸ್ಥಳ: ಬೈಲಹೊಂಗಲ

ಸುತ್ತೋಲೆ

ವಿಷಯ: ವಿದ್ಯುತ್ತಿನಿಂದ ಸೀಸ ಕರಗಿಸುವ ಪಾತ್ರೆಯನ್ನು ಸುಸ್ಥಿತಿಯಲ್ಲಿಡುವ ಬಗ್ಗೆ, ಹಾಗೂ ಅದರೊಳಗೆ ಸರ್ಕಾರಿ ಸೀಸವಲ್ಲದೆ ಬೇರೇನೂ ಬೀಳದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ:
೧) ಈ ಕಚೇರಿಯ ಪತ್ರ: ‘ಪಾತ್ರೆ ಸೋರುತ್ತಿದೆ.’
೨) ಮೇಲಿನ ಕಚೇರಿಯ ಮರುಪತ್ರ: ‘ಸೋರುತ್ತಿರುವುದು ಪಾತ್ರೆಯೋ ಸೀಸವೋ ಸ್ಪಷ್ಟಪಡಿಸುವುದು.’
೩) ಈ ಕಚೇರಿಯ ಸ್ಪಷ್ಟೀಕರಣ: ‘ಎರಡೂ.’
೪) ಶ್ರೀಮತಿ ಬಾಯವ್ವ ಇವರ ಮೌಖಿಕ ದೂರು (ರಸ್ತೆಯಲ್ಲಿ ನಿಂತು, ಗಟ್ಟಿ ಧ್ವನಿಯಲ್ಲಿ).

ಪ್ರಸ್ತಾವನೆ:

ಸಂತೆಯ ವ್ಯಾಪಾರಸ್ಥರ ಕಬ್ಬಿಣದ ತೂಕದ ಕಲ್ಲುಗಳು ಸವೆದು ಹಗುರಾದಾಗ, ಕಲ್ಲಿನ ಕುಳಿಗೆ ಕರಗಿದ ಸೀಸ ಹುಯ್ದು ತೂಕ ಸರಿಪಡಿಸಿ, ಆ ಸೀಸದ ಮೇಲೆ ಮುದ್ರೆ ಒತ್ತಿ ಕೊಡುವುದು ಈ ಕಚೇರಿಯ ಕರ್ತವ್ಯವಾಗಿರುತ್ತದೆ. ಇದಕ್ಕಾಗಿ ಒದಗಿಸಲಾದ ಪಾತ್ರೆಯನ್ನು ಸಿಬ್ಬಂದಿಯವರು ‘ಕರೆಂಟ್ ಗಡಿಗಿ’ ಎಂದು ಕರೆಯುತ್ತಿರುವುದು ಗಮನಕ್ಕೆ ಬಂದಿದ್ದು, ಇನ್ನು ಮುಂದೆ ‘ಸದರಿ ಪಾತ್ರೆ’ ಎಂದೇ ಕರೆಯತಕ್ಕದ್ದು.

ಸದರಿ ಪಾತ್ರೆಯನ್ನು ನೋಡಿಕೊಳ್ಳುವವರು ಗುತ್ತಿಗೆ ನೌಕರರಾದ ಶ್ರೀಮತಿ ಭಾಗೀರಥಿ. ಪಾತ್ರೆಯ ತಳದಲ್ಲಿ ಸೀಸ ಇಳಿಯಲು ಒಂದು ತೂತು, ಅದನ್ನು ಮುಚ್ಚಲು ಒಂದು ಸರಳು ಇರುತ್ತವೆ. ಕಳೆದ ಮಳೆಗಾಲದಿಂದ ತೂತಿಗೆ ಮಡ್ಡಿ ಕಟ್ಟಿ, ಸರಳು ಸರಿಯಾಗಿ ಕೂರದೆ, ಸೀಸ ತೊಟ್ಟಿಕ್ಕುತ್ತಿತ್ತು. ಪಾತ್ರೆಯನ್ನು ಕಾಯಿಸುವ ಕಾಯಿಲ್ ಸಹ ಒಮ್ಮೆ ಕಾದರೆ ಒಮ್ಮೆ ಮುನಿಸಿಕೊಳ್ಳುತ್ತಿತ್ತು. ಉಲ್ಲೇಖಿತ ಪತ್ರವ್ಯವಹಾರ ಮುಗಿಯುವವರೆಗೆ ತೊಟ್ಟಿಕ್ಕುವ ಸೀಸವನ್ನು ಕಬ್ಬಿಣದ ಬಾಣಲೆಯಲ್ಲಿ ಹಿಡಿದು, ಪುನಃ ಪಾತ್ರೆಗೇ ಹಾಕುವಂತೆ ಸದರಿಯವರಿಗೆ ಸೂಚಿಸಲಾಗಿತ್ತು. ಹೀಗೆ ಅದೇ ಸೀಸ ದಿನವಿಡೀ ಸುತ್ತುತ್ತಿದ್ದುದರಿಂದ ಕೆಲಸ ಪ್ರಗತಿಯಲ್ಲಿದೆ ಎಂದು ವರದಿ ಸಲ್ಲಿಸಲಾಗುತ್ತಿತ್ತು.

ನೇಸರಗಿಯಲ್ಲಿ ಮುದ್ರೆ ಹಾಕುವ ಶಿಬಿರ ನಡೆದ ದಿನ, ಕಟ್ಟಿದ ತೂತನ್ನು ಬಿಡಿಸಲೆಂದು ಭಾಗೀರಥಿಯವರು ತಂತಿ ಹಿಡಿದು ಪಾತ್ರೆಯ ಮೇಲೆ ಬಾಗಿದಾಗ, ಸೀಸದ ಹನಿಯೊಂದು ಚಟ್ಟನೆ ಸಿಡಿಯಿತು. ಅವರು ತಲೆ ಕೊಡವಿದರು. ತಿರುಪು ಸಡಿಲವಾಗಿದ್ದ ಬಂಗಾರದ ಮೂಗುಬೊಟ್ಟು ಕಳಚಿ ಪಾತ್ರೆಯೊಳಗೆ ಬಿದ್ದು, ಒಮ್ಮೆ ಮಿಂಚಿ ಮುಳುಗಿತು. ಆಗ ತಮ್ಮ ಎದೆ ಧಸಕ್ಕೆಂದಿತೆಂದು ಸದರಿಯವರು ತಿಳಿಸಿರುತ್ತಾರೆ. ಇದಕ್ಕೆ ವೈದ್ಯಕೀಯ ದಾಖಲೆ ಲಭ್ಯವಿರುವುದಿಲ್ಲ.

ಸದರಿಯವರು ತಕ್ಷಣ ಸ್ಥಳದಲ್ಲಿದ್ದ ಅಧಿಕಾರಿಗೆ, “ಸಾಹೇಬ್ರ, ಸ್ವಲ್ಪ ನಿಲ್ಲಸ್ರಿ. ನಮ್ಮ ಅತ್ತಿ ಕೊಟ್ಟ ಮೂಗಬೊಟ್ಟ ಬಿತ್ತರಿ. ಇದೊಂದ ಗಡಿಗಿ ಹಂಗs ಆರಾಕ ಬಿಡ್ರಿ,” ಎಂದು ಕೇಳಿಕೊಂಡಿರುತ್ತಾರೆ. ಕಲ್ಲು ಹಿಡಿದು ಸಾಲಿನಲ್ಲಿ ನಿಂತ ವ್ಯಾಪಾರಸ್ಥರ ಹಿತದೃಷ್ಟಿಯಿಂದ ಅಧಿಕಾರಿಯು, “ಬಂಗಾರ ಎಲ್ಲಿ ಹೋಗತೈತಿ? ತಳದಾಗ ಕುಂತಿರತೈತಿ. ಸಂಜಿಗೆ ಖಾಲಿ ಆದಮ್ಯಾಲ ಆರಿಸ್ಕೊ. ಈಗ ಹುಯ್ಯಿ,” ಎಂದು ಆದೇಶಿಸಿದರು. ಈ ಆದೇಶ ನೀಡಿದ ಅಧಿಕಾರಿ ಯಾರೆಂಬುದು ಕಡತದಿಂದ ತಿಳಿದುಬರುವುದಿಲ್ಲ. ಆ ದಿನದ ಶಿಬಿರದ ಹಾಜರಿಯಲ್ಲಿರುವ ಸಹಿ ಮಾತ್ರ ಕೆಳಗೆ ಸಹಿ ಮಾಡಿರುವವರ ಸಹಿಯನ್ನು ಹೋಲುತ್ತದೆ.

ಸದರಿಯವರು ಹುಯ್ದರು. ಒಂದೊಂದು ಕಲ್ಲಿನ ಕುಳಿ ತುಂಬಿದಾಗಲೂ ಬಗ್ಗಿ ನೋಡಿದರು. ಸಂಜೆ ಪಾತ್ರೆ ಬರಿದಾದಾಗ ಮಡ್ಡಿಯ ನಡುವೆ ಮೂಗುಬೊಟ್ಟಿನ ಕೆಂಪು ಹರಳು ಮಾತ್ರ ಸಿಕ್ಕಿತು. ಬೈಲಹೊಂಗಲದ ಅಕ್ಕಸಾಲಿಗರಾದ ಪತ್ತಾರ ದುರ್ಗಪ್ಪನವರಿಗೆ ತೋರಿಸಲಾಗಿ, “ತಂಗೀ, ಬಂಗಾರ ಸೀಸದಾಗ ಕರಗಿ ಹೋಗೇತಿ. ಆ ಸೀಸಾ ಅಷ್ಟೂ ತಂದಿದ್ರ ಸುಟ್ಟು ತಗದ ಕೊಡತಿದ್ನೆಲ್ಲ,” ಎಂದರು. ಅಷ್ಟು ಹೊತ್ತಿಗೆ ಆ ಸೀಸವು ಮುದ್ರೆ ಸಮೇತ ಊರೂರಿಗೆ ತೆರಳಿತ್ತು.

ಈ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

೧. ಸದರಿ ಪಾತ್ರೆಯ ಬಳಿ ಕೆಲಸ ಮಾಡುವವರು ಮೂಗು, ಕಿವಿ, ಕೈ, ಕೊರಳುಗಳಿಂದ ಕಳಚಬಹುದಾದ ಎಲ್ಲವನ್ನೂ ಮೊದಲೇ ಕಳಚಿಡತಕ್ಕದ್ದು. ಕಳಚಲಾಗದವುಗಳ ಜವಾಬ್ದಾರಿ ಆಯಾ ನೌಕರರದ್ದೇ.

೨. ಪಾತ್ರೆಗೆ ನೀರು ತಾಗಿಸಬಾರದು. ಒದ್ದೆ ಕಲ್ಲು, ಒದ್ದೆ ಸೀಸ, ಒದ್ದೆ ಕೈ ಯಾವುದೂ ಹತ್ತಿರ ಸುಳಿಯಬಾರದು. ಕರಗಿದ ಸೀಸ ಸಿಡಿಯುತ್ತದೆ. ಭಾಗೀರಥಿಯವರು ಆ ದಿನ ಪಾತ್ರೆಯ ಪಕ್ಕ ಕುಳಿತು ಅತ್ತಿರುವುದು ಈ ನಿಯಮದ ಉಲ್ಲಂಘನೆಯೇ ಎಂದು ಪರಿಶೀಲಿಸಲಾಗಿ, ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರಿಂದ ಕ್ರಮ ಕೈಬಿಡಲಾಗಿದೆ.

೩. ಪಾತ್ರೆಯ ಮುಚ್ಚಳದ ಮೇಲೆ ರೊಟ್ಟಿ ಬೆಚ್ಚಗೆ ಮಾಡುವುದು, ಶೇಂಗಾ ಹುರಿಯುವುದು ನಿಷಿದ್ಧ. ಸೀಸ ಹೊಟ್ಟೆಗೆ ಹೋದರೆ ವಿಷ. ಇದುವರೆಗೆ ತಿಂದವರು ತಾವಾಗಿ ಮುಂದೆ ಬಂದಲ್ಲಿ ದವಾಖಾನೆಗೆ ಕಳುಹಿಸಲಾಗುವುದು. ಅಧಿಕಾರಿಗಳು ಮುಂದೆ ಬರಬೇಕಾಗಿಲ್ಲ, ಅವರನ್ನು ಈಗಾಗಲೇ ಕಳುಹಿಸಲಾಗಿದೆ.

೪. ಮನೆಗೆ ಮೂಗು ಮುಚ್ಚಿಕೊಂಡು ಹೋಗುವ ಬಗ್ಗೆ: ಘಟನೆಯ ದಿನ ಭಾಗೀರಥಿಯವರು ಸೆರಗನ್ನು ಮೂಗಿಗೆ ಹಿಡಿದೇ ಮನೆ ಸೇರಿದರು. ಅತ್ತೆಯವರಾದ ಬಾಯವ್ವನವರು, “ಹಲ್ಲ ಬ್ಯಾನಿ ಐತೇನ? ತಗಿ ಸೆರಗ,” ಎಂದರು. ಸದರಿಯವರು ಸೆರಗು ತೆಗೆದರು. ಬಾಯವ್ವನವರು ಬಯ್ಯಲಿಲ್ಲ. ತಾಟಿಗೆ ರೊಟ್ಟಿ ಹಾಕಿ, “ಉಣ್ಣು,” ಎಂದಷ್ಟೇ ಹೇಳಿದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲವೆಂದು ಸದರಿಯವರ ಹೇಳಿಕೆ. ಬಯ್ಯದಿರುವುದರಿಂದ ಆಗುವ ನೋವಿಗೆ ಇಲಾಖೆಯಲ್ಲಿ ಪರಿಹಾರಕ್ಕೆ ಅವಕಾಶವಿರುವುದಿಲ್ಲ.

೫. ಗ್ರಾಹಕರು ತೂಕದ ಕಲ್ಲುಗಳನ್ನು ಕೆನ್ನೆಗೆ ಒತ್ತಿಕೊಳ್ಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಬಾಯವ್ವನವರು ಮುಂದಿನ ಸಂತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ, “ನಿಮ್ಮ ಕಲ್ಲಿನ್ಯಾಗ ನಮ್ಮ ಸೊಸಿ ಮೂಗಬೊಟ್ಟ ಐತಿ, ತೋರಸ್ರಿ,” ಎಂದು ಒಂದೊಂದನ್ನೂ ಎತ್ತಿ, ಉಜ್ಜಿ, ಕೆನ್ನೆಗೆ ಹಚ್ಚಿ ನೋಡಿರುತ್ತಾರೆ. ಇದರಿಂದ ಕಲ್ಲಿನಲ್ಲಿ ಬಂಗಾರವಿದೆಯೆಂಬ ಸುದ್ದಿ ಕಿತ್ತೂರು, ಸವದತ್ತಿಯವರೆಗೂ ಹಬ್ಬಿತು.

೬. ವ್ಯಾಪಾರಸ್ಥರು ಮೊಳೆ, ಪಾನಾ, ಅಡಿಕೆ ಕತ್ತರಿಗಳಿಂದ ಕಲ್ಲಿನ ಸೀಸ ಕೆದರಬಾರದು. ಕೆದರಿದ ಕಲ್ಲು ಹಗುರಾಗಿ, ಕಿಲೋ ಎನ್ನುವುದು ಕಿಲೋ ಆಗಿ ಉಳಿದಿಲ್ಲ. ಈ ಬಗ್ಗೆ ಉಳ್ಳಾಗಡ್ಡಿ ಕೊಳ್ಳುವವರೂ ಮಾರುವವರೂ ಕೈ ಕೈ ಮಿಲಾಯಿಸಿರುತ್ತಾರೆ.

೭. ಕೆದರದೆ ಇರುವುದಕ್ಕೆ ಪ್ರಶಸ್ತಿ ನೀಡುವ ಪದ್ಧತಿ ಇಲ್ಲ. ಆದಾಗ್ಯೂ, ಮೆಣಸಿನಕಾಯಿ ವ್ಯಾಪಾರಿ ಶ್ರೀಮತಿ ಜೈಬುನ್ನಿಸಾ ಇವರು ತಮ್ಮ ಕಲ್ಲುಗಳನ್ನು ಕೆದರದೆ, ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬೈಲಹೊಂಗಲಕ್ಕೆ ತಂದು, ಕಚೇರಿಯ ಮೇಜಿನ ಮೇಲೆ ದಪ್ಪನೆ ಇಟ್ಟಿರುತ್ತಾರೆ. “ಭಾಗೀರಥಿ, ನಿನ್ನ ಮೂಗಿಂದು ನನ್ನ ತಕ್ಕಡ್ಯಾಗ ಯಾಕ ಬೇಕವ್ವಾ? ತಕ್ಕೊ. ನನಗ ಬ್ಯಾರೆ ಸೀಸಾ ಹಾಕಿ ಕೊಡು,” ಎಂದರು. ಭಾಗೀರಥಿಯವರು ಕಲ್ಲುಗಳ ಮೇಲೆ ಕೈ ಇಟ್ಟುಕೊಂಡು ನಿಂತರು. ಜೈಬುನ್ನಿಸಾ ಅವರು ಮರಳಿ ಸಂತೆಗೆ ಹೋಗಿ ಏನು ಹೇಳಿದರೋ ತಿಳಿದಿಲ್ಲ. ಮರುವಾರ ವ್ಯಾಪಾರಸ್ಥರು ಒಬ್ಬೊಬ್ಬರಾಗಿ, ಕೆದರಿದ ಸೀಸವನ್ನು ಪೇಪರಿನಲ್ಲಿ ಸುತ್ತಿಕೊಂಡು, ನೆಲ ನೋಡುತ್ತಾ ಬಂದರು.

೮. ದುರಸ್ತಿ: ಹೀಗೆ ಮರಳಿ ಬಂದ ಅಷ್ಟೂ ಸೀಸವನ್ನು ಪತ್ತಾರರಿಗೆ ಒಪ್ಪಿಸಲು ಒಟ್ಟಿಗೆ ಕರಗಿಸಬೇಕಾಗಿದ್ದು, ಪಾತ್ರೆ ಸೋರುತ್ತಿದ್ದ ಕಾರಣ, ಮೇಲಿನ ಕಚೇರಿಯ ಮಂಜೂರಾತಿಗೆ ಕಾಯದೆ ಮೋಟಾರ್ ವೈಂಡಿಂಗ್ ಮಾಡುವ ಅಲ್ಲಾವುದ್ದೀನ ಇವರನ್ನು ಕರೆಸಲಾಯಿತು. ಇವರು ಪ್ಲಗ್ ಕಿತ್ತು, ಪಾತ್ರೆ ಪೂರ್ತಿ ಆರಿದ ಮೇಲೆ ತಳ ಬಿಚ್ಚಿ, ಸುಟ್ಟ ಕಾಯಿಲ್ ಬದಲಿಸಿ, ಕಪ್ಪಾಗಿದ್ದ ವೈರಿನ ತುದಿಗಳನ್ನು ಉಜ್ಜಿ, ಸರಳಿನ ಮೂತಿಯನ್ನು ತೂತಿಗೆ ಹೊಂದುವಂತೆ ಅರೆದರು. ಸೋರುವಿಕೆ ನಿಂತಿತು. ಮೇಲಿನ ಕಚೇರಿಯವರು ಮಾತ್ರ ಇನ್ನೂ ಸೋರುತ್ತಿದೆ ಎಂದೇ ಭಾವಿಸಿ ಕ್ರಮವಹಿಸುತ್ತಿದ್ದು, ಅವರ ಕೆಲಸಕ್ಕೆ ಅಡ್ಡಿಪಡಿಸಬಾರದು.

೯. ಸೀಸ ಸರ್ಕಾರದ್ದು, ಅದರೊಳಗಿನ ಬಂಗಾರ ಭಾಗೀರಥಿಯವರದ್ದು ಎಂದು ತೀರ್ಮಾನಿಸಲಾಗಿದೆ. ಬಂಗಾರ ಒಯ್ಯುವಾಗ ಸೀಸ ಒಯ್ಯಬಾರದು; ಸೀಸ ಒಯ್ಯದೆ ಬಂಗಾರ ತೆಗೆಯಲು ಬಾರದು. ಆದುದರಿಂದ ಪತ್ತಾರ ದುರ್ಗಪ್ಪನವರು ಊರ ಹೊರಗೆ ಸೀಸವನ್ನು ಸುಡುತ್ತಿರುವಾಗ, ಹೊಗೆಯಾಗಿ ಹೋಗುತ್ತಿರುವುದು ಸರ್ಕಾರಿ ಆಸ್ತಿ ಮಾತ್ರ ಎಂಬುದನ್ನು ಖಚಿತಪಡಿಸಲು ನೌಕರರೊಬ್ಬರನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಲಾಗಿತ್ತು.

೧೦. ಕೊನೆಗೆ ಉಳಿದದ್ದು ಸಾಸಿವೆ ಕಾಳಿಗಿಂತ ತುಸು ದೊಡ್ಡ ಗುಂಡು. ತೊರಗಲ್ ಕಡೆಯ ವ್ಯಾಪಾರಸ್ಥರು ಇನ್ನೂ ಬಂದಿಲ್ಲವಾದ್ದರಿಂದ ಮೂಗುಬೊಟ್ಟಿನ ಒಂದು ಪಾಲು ರಾಮದುರ್ಗ ತಾಲೂಕಿನಲ್ಲಿ ಈಗಲೂ ಸಂಚಾರದಲ್ಲಿದೆ. ದುರ್ಗಪ್ಪನವರು ಇದ್ದಷ್ಟರಲ್ಲೇ ಹರಳು ಕೂರಿಸಿ ಕೊಟ್ಟರು. ಬಾಯವ್ವನವರು ಅದನ್ನು ಅಂಗೈಯಲ್ಲಿ ಹೊರಳಿಸಿ, “ಸಣ್ಣದಾತು,” ಎಂದರು. ಆಮೇಲೆ ತಾವೇ ಸೊಸೆಯ ಗದ್ದ ಹಿಡಿದೆತ್ತಿ, ತಿರುಪು ಬಿಗಿಯಾಗುವವರೆಗೆ ತಿರುವಿ, ಅಂದು ಬಾಕಿ ಉಳಿದಿದ್ದ ಬೈಗುಳವನ್ನು ಪೂರ್ತಿಯಾಗಿ ಬೈದರು. ಸದರಿಯವರು ಅಂದು ಹೊಟ್ಟೆ ತುಂಬ ಉಂಡರೆಂದು ತಿಳಿದುಬಂದಿದೆ.

೧೧. ಮರುದಿನ ಕಿತ್ತೂರು ಶಿಬಿರಕ್ಕೆ ಹೊರಡುವಂತೆ ಸೂಚಿಸಿದಾಗ ಭಾಗೀರಥಿಯವರು, “ನಾ ಬರಂಗಿಲ್ರಿ. ಅವತ್ತ ನಿಲ್ಲಸ್ರಿ ಅಂದ್ರ ನೀವು ನಿಲ್ಲಸಲಿಲ್ಲ,” ಎಂದು ಕೈಕಟ್ಟಿ ಕುಳಿತರು. ಅಧಿಕಾರಿಯು ಸ್ವತಃ ಸೀಸ ಹುಯ್ಯಲು ಹೋಗಿ ತಮ್ಮ ಬೂಟಿಗೆ ಹುಯ್ದುಕೊಂಡರು, ಕಾಲು ಉಳಿಯಿತು. ಅದೇ ದಿನ ಮಧ್ಯಾಹ್ನ ಕೆಳಕಂಡ ನಿಯಮವನ್ನು ಭಾಗೀರಥಿಯವರ ಎದುರಿನಲ್ಲೇ ಬರೆಯಲಾಯಿತು.

೧೨. ಭಾಗೀರಥಿಯವರು ನಿಲ್ಲಿಸಲು ಹೇಳಿದ ಕೂಡಲೇ, ಎಂಥ ದರ್ಜೆಯ ಅಧಿಕಾರಿಯೇ ಇರಲಿ, ಸದರಿ ಪಾತ್ರೆಯ ಸ್ವಿಚ್ ತೆಗೆಯತಕ್ಕದ್ದು. ಕಾರಣವನ್ನು ಸ್ವಿಚ್ ತೆಗೆದ ನಂತರ ಕೇಳಬಹುದು. ಹೇಳುವ ಮನಸ್ಸಿದ್ದರೆ ಅವರು ಹೇಳುವರು.

ಸಹಿ/-
(ಹೆಸರು ಓದಲು ಬರುವುದಿಲ್ಲ)
ಶಾಖಾಧಿಕಾರಿಗಳು
(ಒಂದೇ ಬೂಟಿನಲ್ಲಿ)

ಪ್ರತಿಗಳು:
೧) ಮೇಲಿನ ಕಚೇರಿಗೆ: ನಿಯಮ ೮ ಬಿಟ್ಟು.
೨) ತೊರಗಲ್ ಕಡೆಯ ವ್ಯಾಪಾರಸ್ಥರಿಗೆ: ನಾಚಿಕೆಯ ಅವಗಾಹನೆಗಾಗಿ.
೩) ಶ್ರೀಮತಿ ಜೈಬುನ್ನಿಸಾ, ನೇಸರಗಿ ಸಂತೆ: ಹೊಸ ಸೀಸ ಹಾಕಿದ ಕಲ್ಲುಗಳ ಸಮೇತ.
೪) ಶ್ರೀಮತಿ ಬಾಯವ್ವ: ಇವರಿಗೆ ಓದಲು ಬಾರದ ಕಾರಣ ಸೊಸೆಯವರು ಓದಿ ಹೇಳತಕ್ಕದ್ದು, ತಮಗೆ ಮುಜುಗರವಾಗುವ ಸಾಲುಗಳನ್ನು ಹಾರಿಸುವಂತಿಲ್ಲ.
೫) ಸದರಿ ಪಾತ್ರೆಯ ಪಕ್ಕದ ಗೋಡೆಗೆ: ಕಾಗದ ಹೊತ್ತಿಕೊಳ್ಳದಷ್ಟು ದೂರದಲ್ಲಿ, ಅಧಿಕಾರಿಗಳಿಗೆ ಓದಲು ಬರುವಷ್ಟು ಹತ್ತಿರದಲ್ಲಿ.