ಮೇಣದ ಅಚ್ಚಿನ ತೂತು

ಬುರುಡೆಯಣ್ಣ ಸೀನಿದ, ಕೆಲಸ ಕೆಟ್ಟಿತು.

ಮೆಡಿಕಲ್ ಕಾಲೇಜಿನ ಮ್ಯೂಸಿಯಮ್ಮನ್ನು ಹನ್ನೊಂದು ವರ್ಷದಿಂದ ಕಾಯುತ್ತಿದ್ದವನಿಗೆ ಹುಡುಗರಿಟ್ಟ ಹೆಸರದು. ಹೆಂಡತಿ ದೂರದೂರಲ್ಲಿ ನರ್ಸು. ಆರು ವರ್ಷದಿಂದ ಸಂಸಾರವೆಲ್ಲ ಫೋನಿನಲ್ಲೇ. ಕೊನೆಗೂ ಅವಳೂರಿಗೆ ವರ್ಗವಾಗಿತ್ತು. ನಾಲ್ಕು ಗಂಟೆಗೆ ಪ್ರೊಫೆಸರು ಬಂದು, ಸಾಮಾನೆಲ್ಲ ಸರಿಯಿದೆಯೆಂದು ನೋಡಿ, ಬಿಡುಗಡೆ ಪತ್ರಕ್ಕೊಂದು ಸಹಿ ಹಾಕಿದರೆ ಮುಗಿಯಿತು. ಆ ಸಾಮಾನಿನ ಧೂಳು ಒರೆಸುವಾಗಲೇ ಹಾಳು ಸೀನು ಬಂದು, ಕೈಲಿದ್ದ ಮೇಣದ ಅಚ್ಚು ಬಿದ್ದು ಚೂರಾಯಿತು.

ಅದೇನು ಸಾಮಾನ್ಯದ ಅಚ್ಚೇ? ಮೆದುಳಿನೊಳಗಿನ ನೀರುಗೂಡುಗಳದ್ದು. ಗೂಡಿಗೆ ಮೇಣ ತುಂಬಿ, ಗಟ್ಟಿಯಾದ ಮೇಲೆ ಸುತ್ತಲ ಮೆದುಳು ತೆಗೆದರೆ, ಖಾಲಿ ಜಾಗವೇ ಆಕಾರ ತಳೆದು ಕೂರುತ್ತದೆ.

ಗುಮಾಸ್ತ ಓಡಿಬಂದ. ಗೋಂದು ಹಚ್ಚು ಅಂದ, ಬೆಕ್ಕು ಬೀಳಿಸ್ತು ಅನ್ನು ಅಂದ, ಕೊನೆಗೆ ಟಗರಿನ ಕೊಂಬಿನ ಥರ ಏನೋ ಒಂದು ಮಾಡಿಡು, ಯಾರು ನೋಡ್ತಾರೆ ಅಂದ.

ಬುರುಡೆಯಣ್ಣ ಮೇಣ ಕರಗಿಸಿ ಕೂತ. ಕೂತಮೇಲೆ ವರ್ಗವೂ ಮರೆತುಹೋಯಿತು. ಎಡಬಲಕ್ಕೆ ಬಾಗಿದ ಎರಡು ದೊಡ್ಡ ಗೂಡು. ನಡುವೆ ಬಿಸ್ಕತ್ತಿನಷ್ಟು ತೆಳ್ಳಗೆ ಮೂರನೆಯದು. ಅಲ್ಲಿಂದ ಕಡ್ಡಿಯಂಥ ಕಾಲುವೆ ಇಳಿದರೆ, ಡೇರೆಯಂಥ ನಾಲ್ಕನೆಯದು. ಅಬ್ಬಾ, ಎಂಥ ಕೆಲಸ! ಇಷ್ಟೆಲ್ಲ ಯೋಚಿಸುವ ತಲೆಯ ನಟ್ಟನಡುವೆ ಇಷ್ಟು ತಿಳಿಯಾದ ನೀರು ಸುಮ್ಮನೆ ಹರಿಯುತ್ತಿದೆಯಲ್ಲ ಎಂದು ಅವನಿಗೆ ಕಣ್ಣು ತುಂಬಿತು. ಮೂರನೆಯದರ ನಡುವೆ ಪುಟ್ಟ ತೂತೊಂದನ್ನು ಕೊರೆದ. ಬಹಳ ಜನರ ಮೆದುಳಲ್ಲಿ ಅಲ್ಲೊಂದು ಎಳೆ ಅಡ್ಡ ಹಾದಿರುತ್ತದೆ, ಅಷ್ಟು ಜಾಗಕ್ಕೆ ಮೇಣ ತುಂಬದೆ ಅಚ್ಚಿನಲ್ಲಿ ತೂತು ಉಳಿಯುತ್ತದೆಂದು ಬಾಗಿಲಲ್ಲಿ ನಿಂತೇ ಪಾಠ ಕೇಳಿದ್ದವನು ಅವನು.

"ಹಳೇದ್ರಲ್ಲಿ ಆ ತೂತು ಇರ್ಲಿಲ್ಲ ಕಣೋ," ಅಂದ ಗುಮಾಸ್ತ.

"ಇರ್ಬೇಕಿತ್ತು," ಅಂದ ಬುರುಡೆಯಣ್ಣ.

ನಾಲ್ಕಕ್ಕೆ ಪ್ರೊಫೆಸರು ಬಂದರು. ಪೆನ್ನು ತೆಗೆದವರು ಅಚ್ಚನ್ನು ಕಂಡು ನಿಂತರು. ಎತ್ತಿಕೊಂಡು, ಬೆಳಕಿಗೆ ಹಿಡಿದು, ಆ ತೂತಿನಿಂದಲೇ ಬುರುಡೆಯಣ್ಣನನ್ನು ನೋಡಿದರು.

"ಹಳೇದನ್ನ ಓದೋ ಕಾಲದಲ್ಲಿ ನಾನೇ ಮಾಡಿದ್ದೆ. ಆತುರದಲ್ಲಿ ಎಳೆ ಹರಿದುಹೋಗಿ ತೂತು ಬಂದಿರ್ಲಿಲ್ಲ. ಇದನ್ನ ಮಾಡಿದ್ದು ಯಾರು?"

ಬುರುಡೆಯಣ್ಣ ಸೀನಿನಿಂದ ಹಿಡಿದು ಎಲ್ಲ ಒಪ್ಪಿಕೊಂಡ. ಪ್ರೊಫೆಸರು ಬೈಯಲಿಲ್ಲ. ಅವನ ಎರಡೂ ಕೈ ಹಿಡಿದುಕೊಂಡರು.

"ಇಂಥ ಕೈನ ಬಿಟ್ಟುಕೊಡೋಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ನಾಳೆಯಿಂದ ಕಿವಿ, ಆಮೇಲೆ ಹೃದಯ ಮಾಡಬೇಕೆಂದು ಹೇಳಿಹೋದರು.

ಸಂಜೆ ಹೆಂಡತಿ ಯಾವ ಬಸ್ಸಿಗೆ ಬರ್ತೀರಿ ಎಂದು ಫೋನು ಮಾಡಿದಳು. ಇವನು ಎಲ್ಲ ಹೇಳಿದ.

"ಆ ತೂತೊಂದು ಕೊರೀದೇ ಇದ್ದಿದ್ರೆ ಏನಾಗ್ತಿತ್ತು ರೀ?"

"ತಪ್ಪಾಗ್ತಿತ್ತು ಕಣೇ," ಅಂದ ಬುರುಡೆಯಣ್ಣ.

ಆ ಕಡೆ ಫೋನು ಕಟ್ಟಾಯಿತು.