ರಾಜ-ರಾಣಿಯರ ಗಾಜಿನ ಅರಮನೆಯನ್ನು ನಾನು ಬೆಳಗಿದ್ದು

ಒದೆಯುವ ಎಮ್ಮೆಗೆ ಸೂಜಿ ಚುಚ್ಚಿ, ಹಾಯುವ ಹೋರಿಗೆ ಮೂಗುದಾರ ಪೋಣಿಸಿದ ಕೈ ಇದು. ಪಶು ಆಸ್ಪತ್ರೆಯ ಕಾಂಪೌಂಡರ್ ಆದ ನನಗೆ ಮೀನಿನ ತೊಟ್ಟಿಯ ಗಾಜು ತೊಳೆಯುವುದು ಯಾವ ದೊಡ್ಡ ಕೆಲಸ? ಹೀಗಂತ ನಾನು ತಿಳಿದಿದ್ದೆ. ತೊಂಬತ್ತರ ದಶಕದ ಆ ಭಾನುವಾರದವರೆಗೆ ಪಾಂಡವಪುರದ ನಮ್ಮ ಬೀದಿಯವರೂ ಹಾಗೇ ತಿಳಿದಿದ್ದರು.

ತೊಟ್ಟಿ ನನ್ನ ಹೆಂಡತಿ ಶಾರದೆಯದು. ಮೈಸೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಮಗುವಿನ ಹಾಗೆ ತಂದಿದ್ದಳು. ಅದರಲ್ಲಿ ಎರಡು ಕೆಂಪು ಮೀನು. ಗಂಡಿಗೆ ರಾಜ, ಹೆಣ್ಣಿಗೆ ರಾಣಿ ಅಂತ ಅವಳೇ ಹೆಸರಿಟ್ಟಳು. ಯಾವುದು ಗಂಡು, ಯಾವುದು ಹೆಣ್ಣು ಅಂತ ಪಶು ಆಸ್ಪತ್ರೆಯವನಾದ ನನ್ನನ್ನು ಒಂದು ಮಾತೂ ಕೇಳಲಿಲ್ಲ! ಬೆಳಿಗ್ಗೆ ಮೊದಲು ರಾಜನ ತಿಂಡಿ, ಆಮೇಲೆ ನನ್ನದು. ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಬರಬರುತ್ತಾ ಗಾಜಿಗೆ ಪಾಚಿ ಕಟ್ಟಿ, ರಾಜನೂ ಕಾಣದೆ ರಾಣಿಯೂ ಕಾಣದೆ ಬರೀ ಹಸಿರು ಕಾಣತೊಡಗಿತು. ಆ ಭಾನುವಾರ ಶಾರದೆ ಅಣ್ಣನ ಮಗುವಿನ ನಾಮಕರಣಕ್ಕೆಂದು ಅಕ್ಕಿಹೆಬ್ಬಾಳಿಗೆ ಹೊರಟಳು. ಹೊಸ್ತಿಲಲ್ಲೇ ತಿರುಗಿ ನಿಂತು ಎಚ್ಚರಿಸಿದಳು.

"ರೀ, ಸಾಯಂಕಾಲ ಬಂದು ನಾನೇ ತೊಳೀತೀನಿ. ನೀವು ಅದಕ್ಕೆ ಕೈ ಹಾಕ್ಬ್ಯಾಡಿ."

ಕೈ ಹಾಕಬೇಡ ಅಂದ ಕಡೆ ಕೈ ಹಾಕದಿದ್ದರೆ ಅವನೆಂಥ ಗಂಡ? ಅವಳು ಬರುವುದರೊಳಗೆ ಗಾಜು ಥಳಥಳ ಹೊಳೆಯಬೇಕು, ಅದನ್ನು ನೋಡಿ ಅವಳ ಬಾಯಿಂದ ನನ್ನ ಬಗ್ಗೆ ಒಂದಾದರೂ ಒಳ್ಳೆಯ ಮಾತು ಬರಬೇಕು ಎಂದು ತೀರ್ಮಾನಿಸಿದೆ.

ಟೀ ಸೋಸುವ ಜಾಲರಿಯಲ್ಲಿ ರಾಜ-ರಾಣಿಯರನ್ನು ಎತ್ತಿ, ಹಿತ್ತಾಳೆ ಬಿಂದಿಗೆಗೆ ಬಿಟ್ಟೆ. ಹೊಸ ನೀರು ಒಗ್ಗುವುದಿಲ್ಲವೆಂದು ತೊಟ್ಟಿಯ ನೀರನ್ನೇ ಮೊದಲು ಬಿಂದಿಗೆಯ ತುಂಬ ಬಗ್ಗಿಸಿದ್ದೆ. ಎಂಥ ಬುದ್ಧಿ ನೋಡಿ! ಬೆಕ್ಕಿನ ಕಾಟ ಬೇಡವೆಂದು ಬಾಯಿಗೆ ತಟ್ಟೆ ಮುಚ್ಚಿ ಜಗಲಿಯ ಮೇಲೆ ಇಟ್ಟೆ. ಇಲ್ಲಿಯವರೆಗೆ ನನ್ನಿಂದ ಒಂದು ತಪ್ಪೂ ಆಗಿರಲಿಲ್ಲ.

ಆ ಬಿಂದಿಗೆಯೇ ನನ್ನ ತಲೆ ಕೆಡಿಸಿದ್ದು. ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು! ಶಾರದೆ ಇದನ್ನು ಏನು ಹಾಕಿ ಬೆಳಗುತ್ತಾಳೆ? ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಹಿತ್ತಾಳೆಯೇ ಹೀಗೆ ಹೊಳೆಯುವುದಾದರೆ ಗಾಜು ಇನ್ನೆಷ್ಟು ಹೊಳೆಯಬಾರದು!

ಹಂಡೆ ಒಲೆಯ ಬೂದಿ ತಂದು ಹಿತ್ತಲಲ್ಲಿ ಉಜ್ಜಲು ಕುಳಿತೆ. ಪಾಚಿ ಹೋಯಿತು. ಆದರೆ ಗಾಜು ಸ್ವಲ್ಪ ಮಂಕಾದಂತೆ ಕಂಡಿತು. ಸಾಲದೆಂದು ಇಟ್ಟಿಗೆ ಪುಡಿ ಹಾಕಿದೆ. ಇನ್ನೂ ಮಂಕಾಯಿತು. ಬಿಟ್ಟೇನೆಯೇ? ಇನ್ನೂ ಜೋರಾಗಿ ಉಜ್ಜಿದೆ. ನೀರು ಸುರಿದು ನೋಡಿದರೆ ಮುಂದಿನ ಗಾಜು ನಮ್ಮ ಬಚ್ಚಲು ಕಿಟಕಿಯ ಗಾಜಿನಂತಾಗಿತ್ತು. ಆಚೆಯಿಂದ ಬೆಳಕು ಬರುತ್ತದೆ, ಆಳು ಕಾಣುವುದಿಲ್ಲ!

ನಾನು ಹೀಗೆ ಬೆವರುತ್ತಿರುವಾಗ ಪಕ್ಕದ ಮನೆ ನಿಂಗಮ್ಮ ಬೇಲಿಯಾಚೆಯಿಂದ ಕೂಗಿದಳು. "ಕಾಂಪೌಂಡ್ರಣ್ಣಾ, ನಮ್ ಮೈದ ಚಂದ್ರುಗೆ ನಾಗಮಂಗಲ್ದಲ್ಲಿ ಎಣ್ಣು ನೋಡಕ್ಕೆ ಒಂಟವ್ರೆ. ನಲ್ಲೀಲಿ ನೀರೇ ಬಂದಿಲ್ಲ. ನಿಮ್ದೊಂದು ಬಿಂದಿಗೆ ತಕ್ಕಂಡೋಗ್ಲಾ?"

"ತಕ್ಕಂಡೋಗಮ್ಮ, ಅದ್ಕೇನಂತೆ!" ಅಂದೆ, ತಲೆ ಎತ್ತದೆ.

ಒಳ್ಳೆಯ ಕೆಲಸಕ್ಕೆ ಹೊರಟವರ ಎದುರಿಗೆ ಮುತ್ತೈದೆ ತುಂಬಿದ ಬಿಂದಿಗೆ ಹಿಡಿದು ಬರಬೇಕು. ಖಾಲಿ ಬಿಂದಿಗೆ ಎದುರಾಯಿತೋ, ಹೋದ ಕೆಲಸ ಕೆಟ್ಟಿತು. ಇದು ನನಗೂ ಗೊತ್ತು. ನಿಂಗಮ್ಮ ಕೇಳಿದ್ದು ಅಡುಗೆಮನೆಯ ಖಾಲಿ ಬಿಂದಿಗೆಯನ್ನಲ್ಲ, ಜಗಲಿಯ ಮೇಲಿದ್ದ ತುಂಬಿದ ಬಿಂದಿಗೆಯನ್ನು ಎಂದು ಹೊಳೆಯುವಷ್ಟರಲ್ಲಿ ಜಗಲಿ ಬರಿದಾಗಿತ್ತು.

ಮೀನನ್ನು ಬಗ್ಗಿಸಿಕೊಂಡು ಬರೋಣವೆಂದು ಅಡುಗೆಮನೆಯ ಬಿಂದಿಗೆ ಎತ್ತಿಕೊಂಡು ಬೀದಿಗೆ ಓಡಿದೆ. ಅಲ್ಲಿ ಕಾರು ನಿಂತಿತ್ತು. ನಿಂಗಮ್ಮ ಆಗಷ್ಟೇ ಎದುರು ಬಂದು ಪಕ್ಕಕ್ಕೆ ಸರಿದಿದ್ದಳು. ಎಷ್ಟೋ ಹೆಣ್ಣು ನೋಡಿ ಒಂದೂ ಕೂಡಿಬರದ ಚಂದ್ರು, ದೇವರನ್ನು ನೆನೆಯುತ್ತಾ ಕಾರಿನ ಕಡೆ ಬಲಗಾಲು ಇಟ್ಟಿದ್ದ. ಸರಿಯಾಗಿ ಅದೇ ಕ್ಷಣಕ್ಕೆ ಎದುರಾದವನು ನಾನು!

"ಅಯ್ಯೋ ಶಿವ್ನೆ! ಯಾವನ್ಲಾ ಅವ್ನು, ಮೈಗೆಲ್ಲ ಬೂದಿ ಬಳ್ಕಂಡು ಖಾಲಿ ಬಿಂದಿಗೆ ಇಡ್ಕಂಡ್ ಬತ್ತಾವ್ನೆ!" ಎಂದು ಚಂದ್ರುವಿನ ದೊಡ್ಡಪ್ಪ ಚಿಕ್ಕೇಗೌಡರು ಕೂಗಿದರು. ಚಂದ್ರುವಿನ ಬಲಗಾಲು ಹಾಗೇ ಹಿಂದಕ್ಕೆ ಬಂತು. ಅವನ ಮುಖ ನೋಡಿ ನನಗೇ ಅಳು ಬಂತು.

"ಎಲ್ರೂ ಒಳಿಕ್ಕೆ ನಡೀರ್ಲಾ. ಕೂತ್ಕಂಡು ಒಂದ್ ಗುಟುಕು ನೀರು ಕುಡ್ದು, ಆಮ್ಯಾಕೆ ಒಂಡಾನ" ಅಂದರು ಗೌಡರು. ನಿಂಗಮ್ಮ ಅದೇ ಬಿಂದಿಗೆಯಿಂದ ಚೊಂಬಿಗೆ ನೀರು ಬಗ್ಗಿಸಿ ಅವರ ಕೈಗಿತ್ತಳು.

"ಗೌಡ್ರೇ, ಕುಡೀಬ್ಯಾಡಿ!" ಎನ್ನುತ್ತಾ ನಾನೂ ಹಿಂದೆಯೇ ಒಳಗೆ ನುಗ್ಗಿದೆ.

"ನೀನು ಬಾಯಿ ಮುಚ್ಕಂಡು ಅತ್ಲಾಗೆ ನಿಂತ್ಕೊಳ್ಲಾ!" ಎಂದು ಗದರಿ ಗೌಡರು ಚೊಂಬು ಎತ್ತಿದರು. ಮೀಸೆಯ ಹತ್ತಿರ ಏನೋ ಮಿಸುಕಿತು. ಚೊಂಬು ಇಳಿಸಿ ನೋಡಿದರು. ಒಳಗಿನಿಂದ ರಾಜ ಅವರನ್ನು ನೋಡುತ್ತಿದ್ದ.

ನನ್ನ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಮೀನು ಕಣ್ರಪ್ಪೋ!" ಗೌಡರ ಮುಖ ಅರಳಿತು. "ತುಂಬಿದ್ ಬಿಂದಿಗೇಲಿ ಮೀನು! ಇದ್ಕಿಂತ ಒಳ್ಳೆ ಸಕುನ ಎಲ್ಲೈತೆ?"

ನಿಂಗಮ್ಮ ಬಿಂದಿಗೆಗೆ ಇಣುಕಿದಳು. "ಇನ್ನೊಂದೈತೆ ಮಾವ! ಜೋಡಿ!"

ತಗೋ, ಹಬ್ಬವೋ ಹಬ್ಬ! ಬಿಂದಿಗೆಗೆ ಕುಂಕುಮ ಇಟ್ಟಾಯಿತು, ಹೂವು ಮುಡಿಸಿಯಾಯಿತು. ಜೋಡಿ ಮೀನು ನಾಗಮಂಗಲಕ್ಕೆ ಜೊತೆಯಲ್ಲೇ ಬರಬೇಕೆಂದು ಗೌಡರು ಆಜ್ಞೆ ಮಾಡಿದರು. "ಅದು ಶಾರದೆ ಮೀನು, ಅವ್ಳು ಸಾಯಂಕಾಲ ಬತ್ತಾಳೆ" ಎಂದು ಗೋಗರೆದೆ.

"ಖಾಲಿ ಬಿಂದಿಗೆ ತೋರ್ಸಿದವನಿಗೆ ಮಾತು ಬೇರೆ ಕೇಡು! ವಾಪಸ್ ತಂದ್ಬುಡ್ತೀವಿ, ಓಗ್ಲಾ."

ಚಂದ್ರು ತೊಡೆಯ ಮೇಲೆ ಬಿಂದಿಗೆ ಇಟ್ಟುಕೊಂಡ. ಕಾರು ಹೋಯಿತು.

ಅವರಿಗಿಂತ ಮೊದಲು ಶಾರದೆ ಬಂದಳು. ತೊಟ್ಟಿ ನೋಡಿದಳು. ಮಸುಕಾದ ಗಾಜನ್ನು ಸೆರಗಿನಿಂದ ಒರೆಸಿದಳು. ಮಸುಕು ಹೋಗಲಿಲ್ಲ.

"ರೀ, ರಾಜ ಎಲ್ಲಿ?"

"ನಾಗಮಂಗಲಕ್ಕೆ ಹೋಗವ್ನೆ."

"ಯಾಕೆ?"

"ಎಣ್ಣು ನೋಡಕ್ಕೆ."

"ರಾಣಿ?"

"ಅವ್ಳೂ ಜೊತೆಗೆ ಹೋಗವ್ಳೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಖಾಲಿ ತೊಟ್ಟಿಯ ಮುಂದೆ ಸುಮ್ಮನೆ ಕುಳಿತು ಕಣ್ಣೊರೆಸಿಕೊಂಡಳು. ರಾಜ ಒಬ್ಬ ಬದುಕಿ ಬಂದರೆ ಜೀವನವಿಡೀ ಅವನ ಎಂಜಲು ತಿಂಡಿ ತಿನ್ನಲೂ ಸಿದ್ಧ ಎಂದು ಹರಕೆ ಹೊತ್ತೆ.

ದೀಪ ಹಚ್ಚುವ ಹೊತ್ತಿಗೆ ಕಾರು ಬಂತು. ಚಂದ್ರು ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡೇ ಇಳಿದ. ರಾಜ ಒಳಗೆ ಗತ್ತಿನಿಂದ ಸುತ್ತುತ್ತಿದ್ದ, ರಾಣಿಯೂ ಹಿಂದೆ. ಹುಡುಗಿ ನಾಚಿಕೊಂಡು ಕೋಣೆಯಿಂದ ಹೊರಗೇ ಬಂದಿರಲಿಲ್ಲವಂತೆ. ಬಿಂದಿಗೆಯಲ್ಲಿ ಮೀನಿದೆ ಎಂದ ಮೇಲೆ ನೋಡಲು ಬಂದಳಂತೆ, ಮೀನು ನೋಡಿ ನಕ್ಕಳಂತೆ, ಆಮೇಲೆ ಚಂದ್ರುವನ್ನೂ ನೋಡಿದಳಂತೆ. ಮಾತು ಕೂಡಿಬಂತು!

ಶಾರದೆ ಹಿಂದಿನ ಗಾಜಿನ ಪಾಚಿಯನ್ನು ತಾನೇ ತೊಳೆದು, ತೊಟ್ಟಿಯನ್ನೇ ಹಿಂದುಮುಂದು ಮಾಡಿ ಇಟ್ಟು, ಮೀನನ್ನು ಬಿಟ್ಟಳು. ಚೆನ್ನಾಗಿರುವ ಗಾಜು ಅವಳ ಕಡೆ, ನಾನು ಬೆಳಗಿದ ಗಾಜು ನನ್ನ ಕುರ್ಚಿಯ ಕಡೆ. "ಅವಕ್ಕೂ ನಿಮ್ಮ ಮುಖ ಕಾಣ್ದೆ ಇರೋದೇ ಒಳ್ಳೇದು" ಅಂದಳು.

ಮದುವೆಗೆ ಕರೆಯಲು ಗೌಡರೇ ಬಂದರು. ಶಾರದೆಯ ಕೈಗೆ ಲಗ್ನಪತ್ರಿಕೆ ಕೊಟ್ಟು, "ಮೀನ್ಗಳ್ನೂ ಕರ್ಕಂಡ್ ಬಾರವ್ವ, ಮುಂದ್ಲ ಸಾಲಲ್ಲೇ ಜಾಗ ಮಡಗಿರ್ತೀವಿ" ಅಂದರು. ನಾನು ಹಲ್ಲು ಕಿರಿಯುತ್ತಾ ನಿಂತಿದ್ದೆ. ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದರು.

"ನೀನೂ ಬಾ ಕಣಪ್ಪ. ಆದ್ರೆ ಹಿಂದ್ಲು ಬಾಗ್ಲಾಗೆ ಬಾ."

ಹಿಂದಿನ ಬಾಗಿಲಿನಿಂದಲೇ ಹೋದೆ. ಊಟ ಚೆನ್ನಾಗಿತ್ತು.